ಬೆದರಿ ಓಡಿದ ಕೃಷ್ಣಮೃಗದ ಫೋಟೊ ಮತ್ತೆ ತೆಗೆಯುವುದು ಹೇಗೆ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿಗೆ ಭಾನುವಾರ ಬರುವ ಕ್ಯಾಮೆರಾದವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಕಪ್ಪು ಗಂಡು ಕಣ್ಣಿಗೆ ಬಿತ್ತೋ ಇಲ್ಲವೋ, ನೇರ ಅದರತ್ತ ನಡೆಯುತ್ತಾರೆ. ಅದು ಓಡುತ್ತದೆ. ಇವರು ಕಾರು ಹತ್ತಿ ಹಿಂದೆ ಬೀಳುತ್ತಾರೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಬಲ್ಲ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋದರೆ ಚಿತ್ರವೂ ಸಿಗುವುದಿಲ್ಲ, ಅದಕ್ಕೆ ಮೇವೂ ದಕ್ಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅತಿ ಹೆಚ್ಚಿನ ರಕ್ಷಣೆ ಪಡೆದ ಜೀವಿ ಅದು. ಕಿರುಕುಳ ಕೊಡಬೇಡಿ.

ಮೊದಲ ಹೆಜ್ಜೆ: ನಿಂತಲ್ಲೇ ಕುಳಿತುಬಿಡಿ.

ಎರಡನೆಯದು: ಓಡಿದ್ದು ಯಾರೆಂದು ಗುರುತಿಸಿ. ಕಂದುಬಣ್ಣದ ಎಳೆಗಂಡುಗಳ ಗುಂಪಾದರೆ ಆಸೆ ಬಿಡಿ. ಅವಕ್ಕೆ ಸ್ವಂತ ಜಾಗವಿಲ್ಲ, ಎಲ್ಲಿ ಮೇವಿದೆಯೋ ಅಲ್ಲಿಗೆ ಹೋಗುತ್ತವೆ. ಒಂಟಿಯಾಗಿದ್ದ ಕಪ್ಪು ಗಂಡಾದರೆ ಕಾಯುವುದಕ್ಕೆ ಅರ್ಥವಿದೆ. ತನ್ನದೆಂದು ಗಡಿ ಹಾಕಿಕೊಂಡ ಗಂಡು ಆ ತುಂಡು ನೆಲವನ್ನು ಸುಲಭಕ್ಕೆ ಬಿಡುವುದಿಲ್ಲ. ಸ್ವಲ್ಪ ದೂರ ಓಡಿ ತಿರುಗಿ ನಿಂತು ನಿಮ್ಮನ್ನು ದಿಟ್ಟಿಸಿತೆಂದರೆ, ಅದರ ಮನಸ್ಸು ಇಲ್ಲೇ ಇದೆ.

ಮೂರನೆಯದು ಹಿಕ್ಕೆಗುಡ್ಡೆ ಹುಡುಕುವುದು. ಹೆಚ್ಚಿನವರು ಈ ಕೆಲಸವನ್ನೇ ಮಾಡುವುದಿಲ್ಲ. ಗಡಿ ಕಾಯುವ ಗಂಡು ಅದೇ ಅದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಕೆಳಗೆ ಬೂದುಬಣ್ಣಕ್ಕೆ ತಿರುಗಿದ ಒಣ ಹಿಕ್ಕೆ, ಮೇಲೆ ಕಪ್ಪಗೆ ಹೊಳೆಯುವ ಹಸಿ ಹಿಕ್ಕೆ ಇದ್ದರೆ ಗುಡ್ಡೆ ಬಳಕೆಯಲ್ಲಿದೆ ಎಂದರ್ಥ. ದುರ್ಬೀನಿನಲ್ಲೇ ನೋಡಿ, ತುಳಿಯಲು ಹೋಗಬೇಡಿ. ಜಾಗ ಗುರುತು ಮಾಡಿಕೊಂಡು ಅಂದಿಗೆ ಹಿಂತಿರುಗಿ. ಅದೇ ದಿನ ಎರಡನೇ ಸಲ ಹತ್ತಿರ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು. ಎಲ್ಲಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಬಹುದೆಂದು ಅರಣ್ಯ ಸಿಬ್ಬಂದಿಯನ್ನು ಮೊದಲೇ ಕೇಳಿರಿ. ಅಂಚಿನ ಶೇಂಗಾ ಹೊಲವಾದರೆ ಹೊಲದವರ ಅನುಮತಿ ಬೇಕು. ಹಿಕ್ಕೆಗುಡ್ಡೆಯಿಂದ ಎಪ್ಪತ್ತು ಎಂಬತ್ತು ಮೀಟರ್ ದೂರದಲ್ಲಿ, ಸೂರ್ಯ ನಿಮ್ಮ ಬೆನ್ನಿಗೆ ಬರುವಂತೆ, ಬದುವಿನ ಮಗ್ಗುಲಲ್ಲೋ ಪೊದೆಯ ಮುಂದೆಯೋ ಕೂರಿ. ಪೊದೆಯ ಹಿಂದೆ ಕೂತರೆ ಇಣುಕಲೇಬೇಕಾಗುತ್ತದೆ, ಇಣುಕಿದ ತಲೆ ಅದಕ್ಕೆ ಕಂಡೇ ಕಾಣುತ್ತದೆ. ಕೃಷ್ಣಮೃಗ ನಂಬುವುದು ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು. ವಾಸನೆ ಮರೆಸುತ್ತದೆಂದು ಮಾರುವ ಸ್ಪ್ರೇಗೆ ದುಡ್ಡು ಹಾಕಬೇಡಿ. ಎಲೆ ಚಿತ್ರದ ದುಬಾರಿ ಜಾಕೆಟ್ಟೂ ಬೇಡ, ಮಾಸಿದ ಖಾಕಿ ಅಂಗಿ ಸಾಕು.

ಬಗ್ಗಿಕೊಂಡು, ತೆವಳಿಕೊಂಡು ಹೋಗುವ ಅಭ್ಯಾಸವೂ ಬಿಡಿ. ಕುರಿ ಕಾಯುವವರು ಮೈನೆಟ್ಟಗೆ ನಡೆದು ಓರೆಯಾಗಿ ದಾಟಿಹೋದರೆ ತಲೆಯೆತ್ತದೆ ಮೇಯುವ ಮೃಗ, ಹೊಂಚುವ ಆಕಾರ ಕಂಡ ಕೂಡಲೇ ನೆಗೆಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕೂತ ಮೇಲೆ ಕನಿಷ್ಠ ಎರಡು ಗಂಟೆ ಏಳಬೇಡಿ.

ಅದು ಬಂದ ಕ್ಷಣವೇ ಶಟರ್ ಒತ್ತುವುದು ಇನ್ನೊಂದು ತಪ್ಪು. ಬಂದ ಗಂಡು ಮೊದಲು ನಿಂತು ಸುತ್ತ ನೋಡುತ್ತದೆ. ಆಗ ಉಸಿರನ್ನೂ ಮೆಲ್ಲಗೆ ಬಿಡಿ. ತಲೆ ತಗ್ಗಿಸಿ ಮೇಯತೊಡಗಿದಾಗ ಕ್ಯಾಮೆರಾ ಅರ್ಧ ಎತ್ತಿ, ತಲೆ ಎತ್ತಿದರೆ ಇದ್ದ ಭಂಗಿಯಲ್ಲೇ ಕಲ್ಲಾಗಿ, ಮತ್ತೆ ತಗ್ಗಿಸಿದಾಗ ಉಳಿದರ್ಧ ಎತ್ತಿ. ಮೂರು ನಾಲ್ಕು ಸಲ ಹೀಗಾಗಬಹುದು. ಮೊದಲು ಒಂದೇ ಚಿತ್ರ ತೆಗೆದು ಅದರ ಕಿವಿ ನೋಡಿ. ನಿಮ್ಮತ್ತ ತಿರುಗಿ ಅಲ್ಲೇ ನಿಂತರೆ ತಡೆಯಿರಿ, ಸಡಿಲವಾದರೆ ಮುಂದುವರಿಸಿ. ಸೈಲೆಂಟ್ ಶಟರ್ ಇದ್ದರೆ ಅದನ್ನೇ ಬಳಸಿ.

ಲೆನ್ಸ್ 400 ಎಂಎಂ ಇದ್ದರೆ ಸಾಕು. ಲೆನ್ಸ್‌ಗೂ ಕ್ಯಾಮೆರಾಕ್ಕೂ ನಡುವೆ ಹಾಕಿ ದೂರದ್ದನ್ನು ದೊಡ್ಡದು ಮಾಡುವ ಅಗ್ಗದ ಟೆಲಿ ಕನ್ವರ್ಟರ್ ಸಿಕ್ಕಿಸಿ ದೂರ ಗೆಲ್ಲುತ್ತೇನೆ ಎಂದುಕೊಳ್ಳಬೇಡಿ, ಬಿಸಿಲೇರಿದ ಮೇಲೆ ನೆಲದ ಝಳಕ್ಕೆ ಕೊಂಬಿನ ತಿರುವೇ ಕಲಸಿಹೋಗುತ್ತದೆ.

ಒಂಟಿ ಹೆಣ್ಣೊಂದು ದೂರ ಹೋಗದೆ ಅಲ್ಲಲ್ಲೇ ಸುಳಿಯುತ್ತಿದ್ದರೆ ಹುಲ್ಲಿನಲ್ಲಿ ಮರಿ ಮಲಗಿರಬಹುದು. ಆ ದಿನ ಕ್ಯಾಮೆರಾ ಚೀಲಕ್ಕೆ ಹಾಕಿ ಎದ್ದುಬನ್ನಿ.

ಹೊರಡುವುದು ಗಂಡು ಬೇರೆ ದಿಕ್ಕಿಗೆ ಮುಖ ಮಾಡಿ ಮೇಯುತ್ತಿರುವಾಗ. ಬದುವಿನ ಮರೆ ಹಿಡಿದು, ಬಂದ ದಾರಿಯಲ್ಲೇ, ನಿಧಾನವಾಗಿ. ನೀವು ಬಂದು ಹೋದದ್ದು ಅದಕ್ಕೆ ತಿಳಿಯದಿದ್ದರೆ ನಾಳೆಯೂ ಅಲ್ಲೇ ಕೂರಬಹುದು.