ಹಸುಗೂಸಿರುವ ಮನೆಯಲ್ಲಿ ದೀಪ, ಹೊಗೆ ಮತ್ತು ರಾಗಿ ಸರಿ

ಮನೆಗೆ ಕೂಸು ಬಂತು ಅಂದರೆ ದೇವರ ಮನೆಯ ಪದ್ಧತಿ, ಬಾಣಂತನದ ಪದ್ಧತಿ ಎಲ್ಲವನ್ನೂ ಒಂದು ಸಲ ಮೊರದಲ್ಲಿ ಹಾಕಿ ಕೇರಿ ನೋಡಬೇಕು. ಜಂತೆಮನೆಯಲ್ಲಿ, ಹಂಡೆ ಒಲೆಯ ಬಚ್ಚಲಲ್ಲಿ, ಹಿತ್ತಲ ಬಾಗಿಲು ತೆರೆದೇ ಇರುತ್ತಿದ್ದ ಕಾಲದಲ್ಲಿ ನಡೆಯುತ್ತಿದ್ದ ಎಷ್ಟೋ ಕೆಲಸಗಳನ್ನು ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನಲ್ಲಿ ಕಿಟಕಿ ಮುಚ್ಚಿಕೊಂಡು ಹಾಗೇ ಮಾಡಿದರೆ ಅಪಾಯ. ಪೂಜೆ ಬಿಡಬೇಕಾಗಿಲ್ಲ, ಶಾಸ್ತ್ರ ಬಿಡಬೇಕಾಗಿಲ್ಲ. ಯಾವುದನ್ನು ಹಾಗೇ ಉಳಿಸಿಕೊಳ್ಳಬೇಕು, ಯಾವುದನ್ನು ಸ್ವಲ್ಪ ಬದಲಿಸಬೇಕು, ಯಾವುದಕ್ಕೆ ಕೈಮುಗಿದು ಬಿಟ್ಟುಬಿಡಬೇಕು ಅನ್ನುವುದು ತಿಳಿದಿರಬೇಕು, ಅಷ್ಟೆ.

ಮೊದಲು ಹೊಗೆಯ ವಿಷಯ, ಯಾಕೆಂದರೆ ಇದರಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುವುದು, ಎಣ್ಣೆನೀರಾದ ಮೇಲೆ ಕೂಸನ್ನು ಸಾಂಬ್ರಾಣಿ ಹೊಗೆಯ ಮೇಲೆ ಹಿಡಿಯುವುದು, ಇವೆರಡನ್ನೂ ಬಿಟ್ಟುಬಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಭಾರ, ತಲೆಸುತ್ತು ಬಂದು ನಿದ್ದೆ ಅಂದುಕೊಂಡು ಮಲಗಿದವರು ಏಳದೇ ಹೋಗಬಹುದು. ಸಾಂಬ್ರಾಣಿಯ ಪರಿಮಳ ಬೇಕೇ ಬೇಕು ಅನ್ನುವವರು ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ನಡುಮನೆಯ ಕಿಟಕಿಗಳನ್ನೆಲ್ಲ ತೆರೆದು ಅಲ್ಲಿ ಸಾಂಬ್ರಾಣಿ ಹಾಕಿ, ಹೊಗೆ ಪೂರ್ತಿ ಹೋದ ಮೇಲೆ ಕೂಸನ್ನು ಕರೆತನ್ನಿ. ತಲೆ ಒಣಗಲು ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ಒರೆಸಿದರೆ ಸಾಕು, ಕೂಸಿನ ತಲೆಯಲ್ಲಿ ಕೂದಲಾದರೂ ಎಷ್ಟಿರುತ್ತದೆ!

ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಹಾಕಿಸಿಕೊಂಡವರಿಗೂ ಇದೇ ಮಾತು. ಬಾಣಂತಿ ಸ್ನಾನವೆಂದರೆ ಅರ್ಧ ಗಂಟೆ ನೀರು ಹುಯ್ಯುವುದು, ಅಷ್ಟು ಹೊತ್ತೂ ಗೀಸರ್ ಒಳಗಿನ ಗಾಳಿಯನ್ನೇ ತಿನ್ನುತ್ತಿರುತ್ತದೆ. ಗೀಸರನ್ನು ಹೊರಗಡೆ ಯುಟಿಲಿಟಿಗೆ ಹಾಕಿಸಿ ಪೈಪು ಮಾತ್ರ ಒಳಗೆ ತರಿಸುವುದು ಸರಿಯಾದ ದಾರಿ. ಅದಾಗುವ ತನಕ, ಬಕೆಟ್ಟುಗಳಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದು ಗಾಳಿ ಆಡಿದ ಮೇಲೆ ತಾಯಿಯನ್ನೋ ಕೂಸನ್ನೋ ಒಳಗೆ ಕರೆದುಕೊಳ್ಳಿ. ಚಳಿ ಅಂತ ವೆಂಟಿಲೇಟರಿಗೆ ರಟ್ಟು ಬಡಿಯಬೇಡಿ.

ಕೂಸಿನ ಎಣ್ಣೆನೀರಿಗೆ ಶುದ್ಧ ಕೊಬ್ಬರಿ ಎಣ್ಣೆ ಒಳ್ಳೆಯದು. ಡಿಸೆಂಬರಿನಲ್ಲಿ ಅದು ಸೀಸೆಯಲ್ಲೇ ಹೆಪ್ಪುಗಟ್ಟಿರುತ್ತದೆ, ಬೆಂಕಿಗೆ ಹಿಡಿಯುವುದು ಬೇಡ. ಒಂದು ಚಮಚ ಅಂಗೈಯಲ್ಲಿಟ್ಟು ಉಜ್ಜಿದರೆ ಕರಗುತ್ತದೆ. ಕಿವಿಗೆ, ಮೂಗಿಗೆ ಎಣ್ಣೆ ಬಿಡಬಾರದು, ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಏನೂ ಬೇಡ. ಒಣಗಿಕೊಂಡಿದ್ದರೆ ಒಂದೆರಡು ವಾರದಲ್ಲಿ ಬಳ್ಳಿ ತಾನೇ ಬೀಳುತ್ತದೆ, ಅಲ್ಲಿಯವರೆಗೆ ಕೂಸಿನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿ. ದಿನವೂ ಪಾತ್ರೆ ಹಿಡಿದು ಬಲಿತ ಅಂಗೈಗೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ. ಕಡಲೆಹಿಟ್ಟು ತಿಕ್ಕಿದರೆ ಕತ್ತಿನ ಮಡಿಕೆಯಲ್ಲಿ ಕೂತು ಅಲ್ಲೇ ಹುಣ್ಣಾಗುತ್ತದೆ. ಆ ಮಡಿಕೆಗೆ ಹಾಲೂ ಜಾರಿ ಸೇರಿಕೊಂಡಿರುತ್ತದೆ. ಗದ್ದ ಎತ್ತಿ, ಒದ್ದೆ ಬೆರಳಿನಲ್ಲಿ ಮಡಿಕೆ ಬಿಡಿಸಿ ತೊಳೆದು, ಒತ್ತಿ ಒಣಗಿಸಬೇಕು. ಕಂಕುಳು, ತೊಡೆಸಂದಿಗೂ ಹಾಗೆಯೇ.

ಇನ್ನು ಕರ್ಪೂರ. ಆರತಿ ತಟ್ಟೆಯ ಪಕ್ಕದಲ್ಲೇ ಕರ್ಪೂರದ ಡಬ್ಬಿ ಇಡುವುದು ಎಲ್ಲರ ಮನೆಯ ರೂಢಿ. ಬೆಳ್ಳಗೆ ಚೌಕವಾಗಿ ಕಲ್ಲುಸಕ್ಕರೆಯ ಹಾಗೇ ಕಾಣುತ್ತದೆ, ಅಂಬೆಗಾಲಿಡುವ ಮಗು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತದೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗಬೇಡಿ, ಹಾಲು ಕುಡಿಸಬೇಡಿ. ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಕರ್ಪೂರದ ಜಾಗ ಬೀರುವಿನ ಮೇಲಿನ ಅರೆ, ಅದೂ ತಿರುಪಿನ ಮುಚ್ಚಳದ ಡಬ್ಬಿಯಲ್ಲಿ. ನೆಗಡಿಯಾದ ಕೂಸಿನ ಎದೆಗೆ ಕರ್ಪೂರ ಬೆರೆಸಿದ ಎಣ್ಣೆ ಹಚ್ಚುವುದೂ ಬೇಡ. ಹಾಗೆಯೇ, ಹಿರಿಯ ಮಗುವಿನ ಅಂಗಿ ಕುಲಾವಿಗಳನ್ನು ನುಸಿಗುಳಿಗೆ ಹಾಕಿ ಕಟ್ಟಿಟ್ಟಿದ್ದರೆ ಅವನ್ನು ತೆಗೆದ ಕೂಡಲೇ ಕೂಸಿಗೆ ತೊಡಿಸಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕೊರತೆ ಇರುತ್ತದೆ, ಅಂಥವರಿಗೆ ನುಸಿಗುಳಿಗೆಯ ಆವಿಯಿಂದಲೇ ರಕ್ತ ಒಡೆದು ಕಾಮಾಲೆ ಏರುತ್ತದೆ. ಕೂಸಿನ ಬಟ್ಟೆಯ ಜೊತೆ ಒಣಗಿದ ಬೇವಿನ ಎಲೆ ಇಟ್ಟರೆ ಸಾಕು.

ದೀಪದ ವಿಷಯದಲ್ಲಿ ಮನಸ್ಸು ಕುಗ್ಗಿಸಿಕೊಳ್ಳಬೇಕಾಗಿಲ್ಲ. ಸಂಜೆ ಎರಡು ಬತ್ತಿ ಹಚ್ಚಿ ಐದು ನಿಮಿಷ ನಿಂತರೂ ಪೂಜೆ ಪೂಜೆಯೇ. ಸೂತಕ ಇರುವಷ್ಟು ದಿನ ಯಾರು ಹಚ್ಚಬೇಕು ಅನ್ನುವುದು ಮನೆಮನೆಯ ಪದ್ಧತಿ, ಹಿರಿಯರ ಮಾತಿನಂತೆ ನಡೆದುಕೊಳ್ಳಿ. ದೀಪ ಮಾತ್ರ ಚೆನ್ನಾಗಿ ಉರಿಯಬೇಕು. ಬತ್ತಿಯ ತುದಿ ಒಂದು ಭತ್ತದ ಕಾಳಿನಷ್ಟೇ ಹೊರಗಿರಲಿ, ಅದಕ್ಕಿಂತ ಉದ್ದವಾದರೆ ಕಪ್ಪು ಹೊಗೆ. ಚಟಪಟ ಸಿಡಿಯುತ್ತಿದ್ದರೆ ದೀಪ ತೊಳೆದ ನೀರು ತಳದಲ್ಲಿ ಉಳಿದಿದೆ ಎಂದರ್ಥ. ಹಿತ್ತಾಳೆ ದೀಪ ತೊಳೆಯಲು ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಒಂದು ಚಮಚ ಕಲ್ಲುಪ್ಪು, ಕಿವುಚಲು ಆಗುವಷ್ಟು ನೀರು. ಹಚ್ಚಿ ಐದು ನಿಮಿಷ ಬಿಟ್ಟು ತೆಂಗಿನ ನಾರಿನಲ್ಲಿ ಉಜ್ಜಿ. ಬೋರ್‌ವೆಲ್ ನೀರು ಬರುವ ಬಡಾವಣೆಗಳಲ್ಲಿ ಎಷ್ಟು ಉಜ್ಜಿದರೂ ಒಣಗಿದ ಮೇಲೆ ಬಿಳಿ ಚುಕ್ಕೆ ಏಳುತ್ತವೆ. ಅದು ನೀರಿನ ಸುಣ್ಣ. ಕೊನೆಯ ತೊಳೆತಕ್ಕೆ ಒಂದು ಚೊಂಬು ಕಾವೇರಿ ನೀರನ್ನೋ ಫಿಲ್ಟರ್ ನೀರನ್ನೋ ಎತ್ತಿಡಿ, ಸುರಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ತೊಗರಿಬೇಳೆ ಮೂರು ನಾಲ್ಕು ವಿಷಲ್ ಕೂಗಿದರೂ ಬೇಯದಿರುವುದಕ್ಕೂ ಅನೇಕ ಸಲ ಇದೇ ನೀರು ಕಾರಣ. ಮಗು ಅಂಬೆಗಾಲಿಡುವ ಮೊದಲೇ, ಅಂದರೆ ಆರೇಳು ತಿಂಗಳಿಗೆ, ನೆಲದ ಮೇಲಿನ ದೀಪ ಗೋಡೆಯ ಗೂಡಿಗೆ ಏರಬೇಕು. ಕೆಳಗೆ ಹಾಸಿದ ಬಟ್ಟೆಯನ್ನೂ ತೆಗೆಯಿರಿ. ಅದರ ಅಂಚು ಮಗುವಿನ ಕೈಗೆ ಸಿಕ್ಕಿದರೆ ದೀಪವೂ ಎಣ್ಣೆಯೂ ಮೈಮೇಲೇ.

ದೃಷ್ಟಿಬೊಟ್ಟು ಇಡದೆ ಮನಸ್ಸು ಒಪ್ಪುವುದಿಲ್ಲ, ನಿಜ. ಕಣ್ಣಿಗೆ ಕಾಡಿಗೆ ಮಾತ್ರ ಬೇಡ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು, ಮನೆಯಲ್ಲಿ ಮಾಡಿದ್ದಾದರೂ ಬೆರಳಿನ ಕೊಳೆ ಕಣ್ಣಿಗೆ ಇಳಿಯುತ್ತದೆ. ಕುಂಕುಮವೂ ಎಳೆ ಚರ್ಮಕ್ಕೆ ಉರಿ. ಬೊಟ್ಟಿಡುವ ಹಳೆಯ ಕಪ್ಪು ಸಾದು ಇದೆಯಲ್ಲ, ಅದನ್ನೇ ಮಾಡಿಕೊಳ್ಳಿ. ಕಾಲು ಕಪ್ ಸಬ್ಬಕ್ಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ, ಕಿಟಕಿ ತೆರೆದಿರಲಿ. ಮೊದಲು ಕಂದು, ಆಮೇಲೆ ಇದ್ದಿಲಿನ ಕಪ್ಪು ಬಂದು ಕಾಳು ಒಂದಕ್ಕೊಂದು ಅಂಟತೊಡಗುತ್ತದೆ. ಉರಿ ಆರಿಸಿ, ಬಾಣಲೆ ಸ್ವಲ್ಪ ತಣಿದ ಮೇಲೆ ಒಂದು ಕಪ್ ಬಿಸಿನೀರನ್ನು ಅಂಚಿನಿಂದ ಮೆಲ್ಲಗೆ ಬಿಡಿ, ಇಲ್ಲದಿದ್ದರೆ ಮುಖಕ್ಕೆ ಸಿಡಿಯುತ್ತದೆ. ಮತ್ತೆ ಕುದಿಸಿ, ಸೌಟಿನಿಂದ ಎಳೆಯಾಗಿ ಇಳಿಯುವ ಹದಕ್ಕೆ ಬಂದಾಗ ಬಟ್ಟೆಯಲ್ಲಿ ಶೋಧಿಸಿ ತೆಂಗಿನ ಕರಟಕ್ಕೆ ಹುಯ್ದು ಮೂರು ನಾಲ್ಕು ದಿನ ಬಿಸಿಲಿಗಿಡಿ. ಬೇಕಾದಾಗ ಒಂದು ಹನಿ ನೀರು ಮುಟ್ಟಿಸಿ ತೇಯ್ದು ಅಂಗಾಲಿಗೋ ಕಿವಿಯ ಹಿಂದಕ್ಕೋ ಇಟ್ಟರಾಯಿತು. ತೊಳೆದರೆ ಹೋಗುತ್ತದೆ. ಪೂರ್ತಿ ಒಣಗದ ಸಾದಿಗೆ ಬೂಷ್ಟು ಬರುತ್ತದೆ, ಬಂದರೆ ಎಸೆದುಬಿಡಿ.

ತಾಯಿಯ ಊಟದ ಬಗ್ಗೆ ಒಂದೇ ಮಾತನ್ನು ಒತ್ತಿ ಹೇಳಬೇಕು. ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ಬರುತ್ತದೆ ಅನ್ನುವುದು ಸುಳ್ಳು. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ, ಸುಸ್ತು. ಪ್ರತಿ ಸಲ ಹಾಲೂಡಲು ಕೂತಾಗ ಪಕ್ಕದಲ್ಲಿ ಒಂದು ದೊಡ್ಡ ಲೋಟ ಬೆಚ್ಚಗಿನ ನೀರು ಇರಲಿ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಣಸಿನ ಸಾರು, ಅಂಟಿನುಂಡೆ ಎಲ್ಲ ಸರಿ; ಆದರೆ ಬರೀ ಮೆಣಸಿನ ಸಾರು ಅನ್ನದ ಮೇಲೆ ಮೂರು ತಿಂಗಳು ಇಡಬೇಡಿ, ಬೇಳೆ, ಕಾಳು, ತರಕಾರಿ, ಹಣ್ಣು ಎಲ್ಲವೂ ಬೇಕು. ಹೆರಿಗೆಯಾದ ಮೇಲೆ ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲದೆ ಒಂದು ಗಂಟೆಯೊಳಗೆ ಕೂಸಿಗೇ ಕುಡಿಸಿ. ಜೇನುತುಪ್ಪ ನೆಕ್ಕಿಸುವುದು ಒಂದು ವರ್ಷದವರೆಗೂ ಬೇಡ. ಅದರಲ್ಲಿರಬಹುದಾದ ಒಂದು ರೋಗಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ಮೈಕೈ ಸೋಲಿಸಿಬಿಡುತ್ತದೆ. ಬಜೆ, ಗ್ರೈಪ್ ವಾಟರ್, ಸಕ್ಕರೆ ನೀರು ಯಾವುದೂ ಆರು ತಿಂಗಳವರೆಗೆ ಬೇಡ, ಎದೆಹಾಲೊಂದೇ ಸಾಕು. ತಾಯಿಗೆ 100.4 ಡಿಗ್ರಿ ದಾಟಿದ ಜ್ವರ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ಬಿಡದ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಒಂದೇ ಕಾಲು ಊದಿ ನೋಯುವುದು, ಇವುಗಳಲ್ಲಿ ಒಂದು ಕಂಡರೂ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ವರಮಹಾಲಕ್ಷ್ಮಿ ಹಬ್ಬದ ದಿನ ಹಾಲೂಡುವ ಹೆಣ್ಣುಮಕ್ಕಳು ಪೂಜೆ ಮುಗಿಯುವವರೆಗೆ ಖಾಲಿಹೊಟ್ಟೆಯಲ್ಲಿ ಓಡಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಗರ್ಭಿಣಿಗೆ, ಬಾಣಂತಿಗೆ, ಕಾಯಿಲೆಯವರಿಗೆ ಉಪವಾಸದ ಕಟ್ಟು ಇಲ್ಲ ಅಂತ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಬೆಳಿಗ್ಗೆ ಹಾಲು, ಬಾಳೆಹಣ್ಣು, ನೆನೆಸಿದ ಅವಲಕ್ಕಿ ತಿಂದು ಪೂಜೆಗೆ ಕೂರಿ, ಅಮ್ಮನವರು ಬೇಡವೆನ್ನುವುದಿಲ್ಲ. ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಬೆಲೆ ಕೈಸುಡುತ್ತದೆ. ಎರಡು ಮೂರು ದಿನ ಮೊದಲೇ ಬಿಡಿ ಸೇವಂತಿಗೆ ತಂದು, ಹೂವಿಗೆ ನೀರು ಸೋಕದಂತೆ ಒಣ ಪೇಪರಿನಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿಟ್ಟರೆ ತಾಜಾ ಇರುತ್ತದೆ. ನೀರು ಚಿಮುಕಿಸಿಟ್ಟರೆ ಎಸಳು ಕೊಳೆಯುತ್ತದೆ. ನೈವೇದ್ಯದ ಅಡುಗೆಯ ರುಚಿ ನೋಡುವಂತಿಲ್ಲವಾದ್ದರಿಂದ ಅಳತೆ ಗೊತ್ತಿರಬೇಕು: ಒಂದು ಲೀಟರ್ ಸಾರಿಗೆ ಟೀ ಚಮಚದಲ್ಲಿ ಒಂದೂವರೆ ಪುಡಿ ಉಪ್ಪು. ಕೋಸಂಬರಿಗೆ ಉಪ್ಪು ಬಡಿಸುವಾಗಷ್ಟೇ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ. ಒಂದು ಕೆಜಿ ರಾಗಿಯನ್ನು ನಾಲ್ಕೈದು ನೀರಿನಲ್ಲಿ ತೊಳೆದು, ಕಲ್ಲು ಜಾಲಿಸಿ, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಪೂರ್ತಿ ಬಸಿದು ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಮುಚ್ಚಿಡಿ. ಏಪ್ರಿಲ್‌ನಲ್ಲಿ ಒಂದು ದಿನಕ್ಕೆ ಮೊಳಕೆ ಬರುತ್ತದೆ, ಡಿಸೆಂಬರ್ ಚಳಿಯಲ್ಲಿ ಒಂದೂವರೆ ಎರಡು ದಿನ ಬೇಕು. ಗಂಟು ಬಿಚ್ಚಿದಾಗ ಕಾಳಿನ ಮೂತಿಯಲ್ಲಿ ಬಿಳಿ ಎಳೆ ಅರ್ಧ ಅಕ್ಕಿಕಾಳಿನಷ್ಟು ಇದ್ದು, ಹಸಿ ಮಣ್ಣಿನ ವಾಸನೆ ಬರಬೇಕು. ಹುಳಿ ವಾಸನೆ ಬಂದು ಕೈಗೆ ಲೋಳೆ ಹತ್ತಿದರೆ ನೀರು ಸರಿಯಾಗಿ ಬಸಿದಿಲ್ಲ, ಕೂಸಿಗೆ ಅದು ಬೇಡ. ನೆರಳಲ್ಲಿ ಹರಡಿ, ಆಮೇಲೆ ಬಿಸಿಲಿಗೆ ಹಾಕಿ, ಹಲ್ಲಿಗೆ ಇಟ್ಟರೆ ಕಟ್ಟನೆ ಒಡೆಯುವವರೆಗೆ ಒಣಗಿಸಿ. ಜುಲೈ ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ತೇವ ಉಳಿದರೆ ಹಿಟ್ಟು ಮುಗ್ಗುತ್ತದೆ. ಒಣಗಿದ್ದನ್ನು ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಬೆಚ್ಚಗೆ ಮಾಡಿ. ಮಿಲ್ಲಿಗೆ ಕೊಡುವಾಗ ಕಾರದಪುಡಿ ಬೀಸಿದ ಕಲ್ಲಿಗೆ ಹಾಕಿಸಬೇಡಿ. ರಾಗಿ ಬೀಸಿದ ಹಿಂದೆಯೇ ಹಾಕಿ ಅಂತ ಕೇಳಿ. ಮನೆಗೆ ತಂದು ಪಂಚೆಯ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿ, ಸಿಪ್ಪೆಯ ತರಿ ಎಳೆಗರುಳಿಗೆ ಕಷ್ಟ.

ಒಂದು ಮಟ್ಟಸ ದೊಡ್ಡ ಚಮಚ ಹಿಟ್ಟಿಗೆ ಮುಕ್ಕಾಲು ಲೋಟ ತಣ್ಣೀರು. ಕುದಿಯುವ ನೀರಿಗೆ ಹಿಟ್ಟು ಹಾಕಿದರೆ ಗಂಟು ಖಂಡಿತ. ಕದಡಿ, ಸಣ್ಣ ಉರಿಯಲ್ಲಿಟ್ಟು ಐದಾರು ನಿಮಿಷ ಕೈಬಿಡದೆ ತಿರುವುತ್ತಿರಿ. ಮಣ್ಣುಬಣ್ಣ ಹೋಗಿ ಹೊಳಪಿನ ಕಂದು ಬರುತ್ತದೆ. ಚಮಚ ವಾಲಿಸಿದರೆ ನೀರಿನಂತೆ ಸುರಿಯದೆ ಮೆಲ್ಲಗೆ ಜಾರಬೇಕು. ಮೊಳಕೆಯ ಹಿಟ್ಟು ಸಾದಾ ರಾಗಿ ಹಿಟ್ಟಿನಷ್ಟು ಗಟ್ಟಿಯಾಗದ ಕಾರಣ ಅಷ್ಟೇ ತೆಳುವಾದ ಸರಿಯಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು, ಪುಟ್ಟ ಹೊಟ್ಟೆಗೆ ಅದೇ ಲಾಭ. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಬೇಡ. ಎರಡು ಹನಿ ತುಪ್ಪ ಸಾಕು. ಮೊದಲ ದಿನ ಎರಡು ಮೂರು ಚಮಚ, ಅದೂ ಒಂದೇ ಹೊತ್ತು. ಬಾದಾಮಿ, ಗೋಡಂಬಿಯನ್ನು ಮೊದಲೇ ಹಿಟ್ಟಿಗೆ ಸೇರಿಸಿ ಬೀಸಿಸಬೇಡಿ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಉಳಿದ ಸರಿಯನ್ನು ಸಂಜೆಗೆ ಬಿಸಿಮಾಡಿ ಕೊಡುವುದೂ ಬೇಡ.

ತಾಯಿ ಕಾರ್ಡನ್ನು ದೇವರ ಮನೆಯ ಗೂಡಿನಲ್ಲಿ, ಪಂಚಾಂಗದ ಪಕ್ಕದಲ್ಲೇ ಇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ನೋಡುವಾಗ 6, 10, 14 ವಾರದ ಚುಚ್ಚುಮದ್ದಿನ ದಿನಗಳಿಗೂ, 9 ತಿಂಗಳು ತುಂಬುವ ದಿನಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಚುಚ್ಚಿಸಿಕೊಂಡು ಬಂದ ದಿನ ಎಣ್ಣೆನೀರು ಇಟ್ಟುಕೊಳ್ಳಬೇಡಿ, ಆ ಜಾಗವನ್ನು ತಿಕ್ಕಲೂ ಬೇಡಿ. ಊತವಿದ್ದರೆ ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಇಟ್ಟು, ಕೂಸನ್ನು ಎದೆಗೆ ಹಾಕಿಕೊಳ್ಳಿ.