ಕುಂಡದ ತುಳಸಿ ಬಾಡಿದರೆ ಮೊದಲು ಚೊಂಬು ಕೆಳಗಿಡಿ

ಬೆಳಿಗ್ಗೆ ಸ್ನಾನ ಮುಗಿಸಿ ಚೊಂಬು ಹಿಡಿದು ಬಾಲ್ಕನಿಗೆ ಬಂದರೆ ತುಳಸಿ ತಲೆ ಬಾಗಿಸಿ ನಿಂತಿರುತ್ತದೆ. ನಿನ್ನೆ ಸಂಜೆ ದೀಪ ಹಚ್ಚುವಾಗ ಚೆನ್ನಾಗಿಯೇ ಇತ್ತು. ಮನೆಯ ಹಿರಿಯರಿಗೆ ಅದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ‘ಪಾಪ, ನೀರು ಸಾಲದಾಯಿತು’ ಎಂದು ಅಲ್ಲೇ ಒಂದು ಚೊಂಬು ನೀರು ಸುರಿಯುತ್ತಾರೆ, ಸಂಜೆಗೆ ಇನ್ನೊಂದು. ಬಾಡಿದ ತುಳಸಿ ಎಂದು ನನ್ನ ಬಳಿ ತಂದ ಕುಂಡಗಳನ್ನು ಬಿಡಿಸಿ ನೋಡಿದಾಗಲೆಲ್ಲ ಹೆಚ್ಚಾಗಿ ಕಂಡದ್ದು ಒಣಗಿದ ಬೇರಲ್ಲ, ಕೊಳೆತ ಬೇರು. ಪ್ರೀತಿಯಿಂದ ಹಾಕಿದ ನೀರೇ ಗಿಡವನ್ನು ಕೊಲ್ಲುತ್ತಿರುತ್ತದೆ.

ಅಂಗಳದ ತುಳಸಿ ಕಟ್ಟೆಗೆ ಅಜ್ಜಿ ದಿನವೂ ನೀರೆರೆಯುತ್ತಿದ್ದರು, ಅದಕ್ಕೇನೂ ಆಗುತ್ತಿರಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಕಟ್ಟೆಯ ಮಣ್ಣು ಕೆಳಗಿನ ನೆಲಕ್ಕೆ ಸೇರಿಕೊಂಡಿರುತ್ತದೆ. ಎಷ್ಟು ಎರೆದರೂ ನೀರು ಇಂಗಿ ಹೋಗುತ್ತದೆ, ಬೇರೂ ಅದರ ಹಿಂದೆ ಆಳಕ್ಕೆ ಇಳಿಯುತ್ತದೆ. ಎಂಟು ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿ ನೀರಿಗೆ ಇರುವ ದಾರಿ ತಳದ ಒಂದೆರಡು ತೂತು ಮಾತ್ರ. ಅದನ್ನೂ ತಟ್ಟೆ ಇಟ್ಟು ನಾವೇ ಮುಚ್ಚಿರುತ್ತೇವೆ. ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯ ಬದಲು ಸದಾ ನೀರೇ ತುಂಬಿದ್ದರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಪಿಥಿಯಂನಂಥ ಕೊಳೆರೋಗದ ಜೀವಿಗಳು ಅಲ್ಲಿ ಬೇರೂರುತ್ತವೆ. ಸತ್ತ ಬೇರು ನೀರು ಹೀರಲಾರದು. ಹಾಗಾಗಿ ಮಣ್ಣು ಒದ್ದೆಯಿದ್ದರೂ ಎಲೆ ಬಾಯಾರುತ್ತದೆ. ನೀರಿಲ್ಲದೆ ಬಾಡಿದ ಎಲೆಯೂ ನೀರು ಹೆಚ್ಚಾಗಿ ಬಾಡಿದ ಎಲೆಯೂ ದೂರದಿಂದ ಒಂದೇ ತರಹ ಕಾಣುವುದು ಇದರಿಂದಲೇ.

ಆದ್ದರಿಂದ ಎಲೆಯನ್ನು ನೋಡಿ ತೀರ್ಮಾನಿಸಬೇಡಿ. ಮಣ್ಣನ್ನು ಕೇಳಿ.

ಮೊದಲು ಹೊತ್ತು ನೋಡಿ, ಆಮೇಲೆ ಮಣ್ಣು

ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಜೋಲುಬಿದ್ದ ಗಿಡ ಮರುದಿನ ಬೆಳಗಾಗುವಷ್ಟರಲ್ಲಿ ತಾನೇ ನೆಟ್ಟಗಾಗಿದ್ದರೆ ಅದು ರೋಗವಲ್ಲ. ಬೇರು ಹೀರುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗಿದೆ, ಅಷ್ಟೇ. ಕುಂಡವನ್ನು ಮಧ್ಯಾಹ್ನದ ಉರಿಬಿಸಿಲು ತಾಗದ ಕಡೆ ಸರಿಸಿದರೆ ಸಾಕು. ಸೂರ್ಯ ಹುಟ್ಟುವ ಹೊತ್ತಿಗೂ ಬಾಡಿಯೇ ಇದ್ದರೆ ಮುಂದಿನ ಪರೀಕ್ಷೆ ಬೇಕು.

ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಮೇಲಿನ ಪದರ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಕೆಸರಿರುವುದುಂಟು. ಇನ್ನೂ ಆಳ ತಿಳಿಯಬೇಕೆಂದರೆ ಉರಿದು ಮುಗಿದ ಊದುಬತ್ತಿಯ ಕಡ್ಡಿ ಒಳ್ಳೆಯ ಸಾಧನ. ಕುಂಡದ ಅಂಚಿನ ಕಡೆಯಿಂದ ಅದನ್ನು ತಳ ಮುಟ್ಟುವವರೆಗೆ ನಿಧಾನವಾಗಿ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆಯಿರಿ. ಬಿದಿರು ಕಪ್ಪಾಗಿ, ಮಣ್ಣು ಅಂಟಿಕೊಂಡು ಬಂದರೆ ತಳದಲ್ಲಿ ನೀರಿದೆ. ಒಣಗಿದ ಕಡ್ಡಿ ಒಣಗಿದಂತೆಯೇ ಬಂದರೆ ನೀರಿಲ್ಲ. ಕಡ್ಡಿಯ ತುದಿಯನ್ನು ಮೂಸಿ ನೋಡುವುದನ್ನು ಮರೆಯಬೇಡಿ. ಆರೋಗ್ಯದ ಮಣ್ಣಿಗೆ ಮೊದಲ ಮಳೆಯ ವಾಸನೆ, ಕೊಳೆಯುತ್ತಿರುವ ಮಣ್ಣಿಗೆ ಚರಂಡಿಯ ವಾಸನೆ.

ಮಣ್ಣು ಒಣಗಿದ್ದರೆ

ಇದು ಸುಲಭದ ಪ್ರಕರಣ. ಕುಂಡ ಎತ್ತಿದರೆ ಹಗುರ, ಎಲೆ ಮುಟ್ಟಿದರೆ ಗರಿಗರಿ, ಮಣ್ಣು ಅಂಚು ಬಿಟ್ಟು ಒಳಗೆ ಕುಗ್ಗಿರುತ್ತದೆ. ಆದರೆ ಮೇಲಿನಿಂದ ಸುರಿದರೆ ನೀರು ಆ ಅಂಚಿನ ಬಿರುಕಿನಲ್ಲೇ ಇಳಿದು ತಟ್ಟೆ ಸೇರುತ್ತದೆ, ನಡುವಿನ ಬೇರಿಗೆ ಹನಿಯೂ ಸಿಗುವುದಿಲ್ಲ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಕುಂಡಗಳಲ್ಲಂತೂ ಇದು ಖಂಡಿತ, ಪೂರ್ತಿ ಒಣಗಿದ ಕೊಕೊಪೀಟ್ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಕೆಟ್‌ನಲ್ಲಿ ಕುಂಡದ ಅರ್ಧದಷ್ಟು ನೀರು ತುಂಬಿ ಕುಂಡವನ್ನು ಅದರಲ್ಲಿ ಕೂರಿಸಿ. ಅರ್ಧ ಗಂಟೆಯಲ್ಲಿ ಮೇಲ್ಮಣ್ಣು ತೇವಗೊಂಡಾಗ ಹೊರತೆಗೆದು ನೀರು ಬಸಿಯಲು ಬಿಡಿ. ಬೇರು ಬದುಕಿದ್ದರೆ ಕೆಲವೇ ಗಂಟೆಗಳಲ್ಲಿ ಕುಡಿಗಳು ಒಂದೊಂದಾಗಿ ಮೇಲೇಳುತ್ತವೆ.

ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ

ಇಲ್ಲಿ ಧೈರ್ಯ ಬೇಕು. ಎಷ್ಟೋ ಜನ ಗಿಡ ಕೀಳಲು ಹೆದರಿ, ‘ನೀರು ನಿಲ್ಲಿಸಿ ನೋಡೋಣ’ ಎಂದು ಹದಿನೈದು ದಿನ ಕಳೆಯುತ್ತಾರೆ. ಗಿಡ ಈಗಷ್ಟೇ ಜೋಲಲು ಶುರುವಾಗಿದ್ದು ಕೆಟ್ಟ ವಾಸನೆ ಇಲ್ಲದಿದ್ದರೆ ಹಾಗೆ ಕಾಯಬಹುದು. ಕೆಳಗಿನ ಎಲೆಗಳು ಹಳದಿಯಾಗಿ ಮೆತ್ತಗಾಗಿ ಉದುರುತ್ತಿದ್ದರೆ, ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೆ ಕಾಯಬೇಡಿ.

ಹಳೆಯ ದಿನಪತ್ರಿಕೆ ಹಾಸಿ, ಕಾಂಡದ ಬುಡವನ್ನು ಬೆರಳುಗಳ ನಡುವೆ ಹಿಡಿದು ಕುಂಡವನ್ನು ಬೋರಲು ಮಾಡಿ, ತಳ ತಟ್ಟಿ. ಮಣ್ಣಿನ ಮುದ್ದೆ ಇಡಿಯಾಗಿ ಹೊರಬರುತ್ತದೆ. ಕೆಸರನ್ನು ಕೈಯಿಂದ ಮೆಲ್ಲಗೆ ಬಿಡಿಸಿ ಬೇರನ್ನು ನೋಡಿ. ಜೀವವಿರುವ ಬೇರು ಬೆಳ್ಳಗೆ ಅಥವಾ ಕೆನೆಬಣ್ಣಕ್ಕೆ ಇದ್ದು ಎಳೆದರೆ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು, ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ನಾರು ಮಾತ್ರ ದಾರದ ಹಾಗೆ ಉಳಿಯುತ್ತದೆ. ಒಮ್ಮೆ ಈ ಜಾರುವಿಕೆಯನ್ನು ಬೆರಳಲ್ಲಿ ಅನುಭವಿಸಿದವರು ಮತ್ತೆಂದೂ ಗೊಂದಲಪಡುವುದಿಲ್ಲ.

ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಕೊಳೆತ ಬೇರನ್ನೆಲ್ಲ ಬಿಳಿ ಕಾಣುವವರೆಗೆ ಕತ್ತರಿಸಿ. ಬೇರು ಅರ್ಧ ಹೋಗಿದ್ದರೆ ಮೇಲಿನ ಕೊಂಬೆಗಳನ್ನೂ ಸುಮಾರು ಅಷ್ಟೇ ಸವರಬೇಕು. ಮಂಜರಿಗಳನ್ನು ಒಂದೂ ಬಿಡಬೇಡಿ, ಬೀಜ ಕಟ್ಟುವ ಶಕ್ತಿ ಈಗ ಬೇರಿಗೆ ಬೇಕು. ಹಳೆಯ ಮಣ್ಣನ್ನು ಮತ್ತೆ ಬಳಸಬೇಡಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಉಳಿದ ಬೇರಿಗೆ ತಕ್ಕ ಚಿಕ್ಕ ಮಣ್ಣಿನ ಕುಂಡದಲ್ಲಿ ನೆಡಿ. ದೊಡ್ಡ ಕುಂಡ ಕೊಟ್ಟರೆ ಗಿಡ ಖುಷಿಪಡುತ್ತದೆ ಎಂಬುದು ತಪ್ಪು. ಬೇರು ತಲುಪದ ಮಣ್ಣಿನಲ್ಲಿ ನೀರು ಹಾಗೆಯೇ ಕುಳಿತಿರುತ್ತದೆ. ತಳಕ್ಕೆ ಜಲ್ಲಿಕಲ್ಲಿನ ಪದರ ಹಾಕುವ ರೂಢಿಯನ್ನೂ ಬಿಡಿ. ಮೇಲಿನ ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ, ಹೀಗಾಗಿ ಒದ್ದೆ ಪದರ ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿನ ಮೇಲೆ ಹೆಂಚಿನ ಒಂದು ಚೂರು ಸಾಕು.

ನೆಟ್ಟ ಮೇಲೆ ಒಮ್ಮೆ ನೀರು ಹಾಕಿ, ಬೆಳಕಿದ್ದೂ ನೇರ ಬಿಸಿಲಿಲ್ಲದ ಜಾಗದಲ್ಲಿ ಒಂದು ವಾರದಿಂದ ಹತ್ತು ದಿನ ಇಡಿ. ಮಣ್ಣಿಗೆ ಬೆರೆಸಿದ್ದನ್ನು ಬಿಟ್ಟು, ಹೊಸ ಚಿಗುರು ಕಾಣುವವರೆಗೆ ಬೇರೆ ಯಾವ ಗೊಬ್ಬರವೂ ಬೇಡ. ಬಳಲಿದ ಬೇರಿಗೆ ಗೊಬ್ಬರ ಸುಡುತ್ತದೆ.

ಇನ್ನು ಪೂಜೆಯ ನೀರಿನ ಮಾತು. ನಿತ್ಯದ ಅರ್ಪಣೆಯನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಚೊಂಬಿನ ಬದಲು ಪಂಚಪಾತ್ರೆ ಇಟ್ಟಿದ್ದೇವೆ. ದಿನವೂ ಒಂದು ಉದ್ಧರಣೆ ನೀರು ದೇವರಿಗೆ, ಕಡ್ಡಿ ಒಣಗಿ ಬಂದ ದಿನ ಕುಂಡ ತುಂಬ ನೀರು ಗಿಡಕ್ಕೆ. ಹಾಲು, ಜೇನು ಮಣ್ಣಿಗೆ ಬಿದ್ದರೆ ಇರುವೆ, ನೊಣ ಮುತ್ತುತ್ತವೆ. ಅರಿಶಿನ, ಕುಂಕುಮವನ್ನು ಕುಂಡದ ಹೊರಮೈಗೆ ಹಚ್ಚಿ. ದೀಪ ಎಲೆಗಳಿಂದ ಒಂದು ಗೇಣು ದೂರವಿರಲಿ.

ಎರಡೂ ಅಲ್ಲದಿದ್ದರೆ

ಮಣ್ಣಿನ ಹದ ಸರಿಯಿದ್ದೂ ಗಿಡ ಸೊರಗುತ್ತಿದ್ದರೆ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಉದುರಿದ ಚುಕ್ಕಿಗಳು ನಡೆದಾಡಿದರೆ ಅದು ನುಸಿ. ಕೊಂಬೆಯ ಸಂದಿನಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಎರಡಕ್ಕೂ ಮೊದಲು ನೀರಿನ ರಭಸದಲ್ಲಿ ಎಲೆಯ ಅಡಿಯನ್ನು ತೊಳೆದು, ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಸಿಂಪಡಿಸಿದ ಎಲೆಯನ್ನು ಕೆಲವು ದಿನ ಕಷಾಯಕ್ಕಾಗಲಿ ತೀರ್ಥಕ್ಕಾಗಲಿ ಕೀಳಬೇಡಿ.

ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಕೊಳವೆಬಾವಿಯ ಗಡಸು ನೀರಿನ ಅಥವಾ ಗೊಬ್ಬರದ ಉಪ್ಪು. ಆ ಪದರವನ್ನು ಕೆರೆದು ತೆಗೆದು, ಸಾಧ್ಯವಾದರೆ ಮಳೆನೀರನ್ನು ಧಾರಾಳವಾಗಿ ಹರಿಸಿ ಬಸಿಯಲು ಬಿಡಿ. ಬೇರಿನಲ್ಲಿ ಸಾಸಿವೆ ಗಾತ್ರದಿಂದ ಕಡಲೆ ಗಾತ್ರದವರೆಗೆ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು, ತುಳಸಿಗೂ ಬರುತ್ತದೆ. ಆ ಮಣ್ಣನ್ನು ಬೇರೆ ಕುಂಡಗಳಿಗೆ ಸೇರಿಸಬೇಡಿ. ಹೊಸ ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ ಹೊಸ ಗಿಡದಿಂದಲೇ ಆರಂಭಿಸುವುದು ಉತ್ತಮ.

ಪಕ್ಕದಲ್ಲೇ ಟೊಮೆಟೊ, ಬದನೆ ಬೆಳೆಸುವವರು ಇನ್ನೊಂದು ಪರೀಕ್ಷೆ ತಿಳಿದಿರಬೇಕು. ಹಸಿರಾಗಿದ್ದ ಗಿಡ ಎರಡು ಮೂರು ದಿನದಲ್ಲಿ ಇಡಿಯಾಗಿ ಜೋತುಬಿದ್ದರೆ ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಇಳಿಬಿಡಿ. ಕೆಲವು ನಿಮಿಷಗಳಲ್ಲಿ ತುದಿಯಿಂದ ಹಾಲಿನ ಎಳೆಯಂತೆ ದ್ರವ ಇಳಿದರೆ ಅದು ದುಂಡಾಣು ಸೊರಗು ರೋಗ. ಅದಕ್ಕೆ ಔಷಧವಿಲ್ಲ. ಗಿಡವನ್ನೂ ಮಣ್ಣನ್ನೂ ಹೊರಹಾಕಿ. ಮುಂದಿನ ಬಾರಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರ್ಕಾ ರಕ್ಷಕ್‌ನಂಥ, ಈ ರೋಗ ತಡೆದುಕೊಳ್ಳುವ ಟೊಮೆಟೊ ತಳಿಯನ್ನು ಹಾಕಿ.

ಉಳಿಯುವುದಿಲ್ಲ ಅನ್ನಿಸಿದರೆ

ಉಗುರಿನಿಂದ ಕಾಂಡದ ತೊಗಟೆಯನ್ನು ಚೂರು ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ. ಬುಡದಲ್ಲಿ ಕಂದು, ಮೇಲೆ ಮಾತ್ರ ಹಸಿರಿದ್ದರೆ ತಾಯಿಗಿಡಕ್ಕಾಗಿ ಕಾಯಬೇಡಿ. ಹೂವಿಲ್ಲದ ಒಂದು ಕುಡಿಯನ್ನು ನಾಲ್ಕು ಇಂಚು ಉದ್ದಕ್ಕೆ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಲೋಟದ ನೀರಿನಲ್ಲಿ ಅಡುಗೆಮನೆಯ ಕಿಟಕಿಯ ಬಳಿ ಇಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಒಂದೆರಡು ವಾರದಲ್ಲಿ ಗೆಣ್ಣಿನಿಂದ ಬಿಳಿ ಬೇರು ಇಣುಕುತ್ತದೆ. ಅದು ಒಂದು ಇಂಚಾದಾಗ ಚಿಕ್ಕ ಕುಂಡಕ್ಕೆ ಇಳಿಸಿ, ಪಕ್ಕದಲ್ಲೊಂದು ಊದುಬತ್ತಿಯ ಕಡ್ಡಿ ಚುಚ್ಚಿಡಿ.