ಮಾಲ್ಟಾನ ಸಿನಿಮಾ ಕಣ್ಣಲ್ಲಿ ನೋಡೋದು ಹೇಗೆ

ಮಾಲ್ಟಾ ಅಂದ್ರೆ ಇಟಲಿಯ ಸಿಸಿಲಿ ದ್ವೀಪಕ್ಕಿಂತ ಸ್ವಲ್ಪ ಕೆಳಗೆ ಸಮುದ್ರದ ಮಧ್ಯೆ ಇರೋ ಪುಟ್ಟ ದೇಶ, ಒಟ್ಟು 316 ಚದರ ಕಿಲೋಮೀಟರ್, ಜನ ಐದು ಲಕ್ಷದ ಮೇಲೆ ಚಿಲ್ಲರೆ ಅಷ್ಟೇ. ಮ್ಯಾಪಲ್ಲಿ ಹುಡುಕಿದ್ರೆ ಚುಕ್ಕೆ ಥರ ಕಾಣತ್ತೆ. ಆದ್ರೆ ಹಾಲಿವುಡ್ ಸಿನಿಮಾ ನೋಡೋರಾಗಿದ್ರೆ ಈ ದೇಶನ ನೀವು ಆಗ್ಲೇ ಎಷ್ಟೋ ಸಲ ನೋಡಿರ್ತೀರ, ಅದು ಮಾಲ್ಟಾ ಅಂತ ಗೊತ್ತಿರಲ್ಲ ಅಷ್ಟೇ. ಒಂದ್ಸಲ ರೋಮ್ ಆಗಿರತ್ತೆ, ಒಂದ್ಸಲ ಟ್ರಾಯ್, ಒಂದ್ಸಲ ಜೆರುಸಲೇಂ. ನಾನು ಮೊದಲ ಸಲ ಹೋದಾಗ ಇದ್ಯಾವ್ದೂ ತಿಳ್ಕೊಳ್ದೆ ಹೋಗಿ ಇಮ್ದೀನಾ ಅನ್ನೋ ಹಳೇ ಕೋಟೆ ಊರಿನ ಗೇಟ್ ಮುಂದೆ ಫೋಟೋ ತೆಗೆಸ್ಕೊಂಡು ಬಂದೆ, ಮನೆಗೆ ಬಂದು ಗೇಮ್ ಆಫ್ ಥ್ರೋನ್ಸ್ ಟಿವಿ ಸೀರೀಸ್‌ನ ಮೊದಲ ಸೀಸನ್ ಮತ್ತೆ ನೋಡ್ವಾಗ್ಲೇ ಅಯ್ಯೋ ಇಲ್ಲೇ ನಿಂತಿದ್ನಲ್ಲ ಅಂತ ಗೊತ್ತಾಗಿದ್ದು. ಎರಡನೇ ಸಲ ಸರಿಯಾಗಿ ತಯಾರಾಗಿ ಹೋದೆ, ಅದನ್ನೇ ಇಲ್ಲಿ ಹೇಳ್ತಿದೀನಿ.

ಮೊದಲ ಕೆಲಸ ಹೊರಡೋಕೆ ಮುಂಚೆ ಮನೇಲೇ ಆಗ್ಬೇಕು. ಮಾಲ್ಟಾದಲ್ಲಿ ತೆಗೆದ ಎಲ್ಲಾ ಸಿನಿಮಾ ನೋಡೋಕೆ ಹೋಗ್ಬೇಡಿ, ನೂರಕ್ಕೂ ಮೇಲಿವೆ. ಗ್ಲಾಡಿಯೇಟರ್ (2000), ಮಿಡ್‌ನೈಟ್ ಎಕ್ಸ್‌ಪ್ರೆಸ್ (1978), ಪೊಪಾಯ್ (1980), ಗೇಮ್ ಆಫ್ ಥ್ರೋನ್ಸ್ ಮೊದಲ ಸೀಸನ್, ಇಷ್ಟು ಸಾಕು. ಟೈಮ್ ಇದ್ರೆ ಜುರಾಸಿಕ್ ವರ್ಲ್ಡ್ ಡೊಮಿನಿಯನ್ (2022) ಸೇರಿಸ್ಕೊಳ್ಳಿ, ಅದ್ರಲ್ಲಿ ಮಾಲ್ಟಾ ಬೇರೆ ಯಾವ ಊರಿನ ವೇಷನೂ ಹಾಕದೆ ಮಾಲ್ಟಾ ಆಗಿಯೇ ಬರತ್ತೆ, ರಾಜಧಾನಿ ವಲೆಟ್ಟಾ ಬೀದಿಗಳಲ್ಲಿ ಡೈನೋಸಾರ್ ಬೈಕ್ ಹಿಂದೆ ಓಡತ್ತೆ. ನೋಡ್ತಾ ನೋಡ್ತಾ ಗೋಡೆ, ಮೆಟ್ಟಿಲು, ಬಾಗಿಲು ಚೆನ್ನಾಗಿ ಕಾಣೋ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತಗೊಂಡು ಫೋನಲ್ಲಿ ಒಂದು ಫೋಲ್ಡರ್ ಮಾಡಿ. ಮುಖದ ಕ್ಲೋಸಪ್ ಬೇಡ, ಹಿಂದಿರೋ ಕಲ್ಲು ಮುಖ್ಯ.

ಕಲ್ಲು ಯಾಕೆ ಅಂತ ಹೇಳ್ಬೇಕು. ಅಲ್ಲಿನ ಸುಣ್ಣದಕಲ್ಲು ಜೇನಿನ ಬಣ್ಣದ್ದು, ಮೆತ್ತಗಿರತ್ತೆ, ಕೊರೆಯೋದು ಸುಲಭ, ಅದಕ್ಕೇ ಕೋಟೆ ಚರ್ಚು ಮನೆ ಎಲ್ಲಾ ಅದ್ರಲ್ಲೇ ಕಟ್ಟಿದಾರೆ. ಕ್ಯಾಮೆರಾಗೆ ಅದು ರೋಮ್ ಥರನೂ ಕಾಣತ್ತೆ ಬೈರೂತ್ ಥರನೂ ಕಾಣತ್ತೆ. ಮ್ಯೂನಿಕ್ (2005) ಒಂದೇ ಸಿನಿಮಾದಲ್ಲಿ ಈ ಪುಟ್ಟ ದ್ವೀಪ ಹಲವು ದೇಶಗಳಾಗಿ ಬಂತು. ಇದ್ರ ಜೊತೆ ವರ್ಷದ ಬಹುಭಾಗ ಬಿಸಿಲು, ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ, ಖರ್ಚಲ್ಲಿ ಶೇಕಡಾ 40ರ ತನಕ ಸರ್ಕಾರ ವಾಪಸ್ ಕೊಡೋ ಸ್ಕೀಮು. ಚಿತ್ರತಂಡಗಳು ಬರ್ದೆ ಇರ್ತಾವಾ!

ಜಾಗಗಳನ್ನ ಸಿನಿಮಾ ಪ್ರಕಾರ ಜೋಡಿಸ್ಬೇಡಿ, ದಿಕ್ಕಿನ ಪ್ರಕಾರ ಜೋಡಿಸಿ. ಒಂದು ದಿನ ವಲೆಟ್ಟಾ ಬಂದರಿನ ಸುತ್ತ, ಒಂದು ದಿನ ಇಮ್ದೀನಾ ಮತ್ತೆ ಪಕ್ಕದ ರಬಾತ್, ಒಂದು ದಿನ ಉತ್ತರದ ಮೆಲ್ಲೀಹಾ, ಒಂದು ದಿನ ಪೂರ್ತಿ ಗೋಜೋ ದ್ವೀಪಕ್ಕೆ. ಬಸ್ಸಲ್ಲೇ ಎಲ್ಲಾ ಮುಗಿಸ್ಬಹುದು, ಸ್ವಲ್ಪ ಕಾಯೋ ತಾಳ್ಮೆ ಬೇಕು. ವೀಸಾ ಶೆಂಗೆನ್, ದುಡ್ಡು ಯೂರೋ, ಗಾಡಿ ಎಡಗಡೆ ಓಡಿಸೋದು.

ವಲೆಟ್ಟಾದಲ್ಲಿ ಲೋವರ್ ಬರಾಕ್ಕಾ ತೋಟಕ್ಕೆ ಹೋಗಿ ಬಂದರಿನ ಬಾಯಿ ಕಡೆ ನೋಡಿ. ಆಚೆ ದಡದಲ್ಲಿ ಉದ್ದಕ್ಕೆ ಮಲಗಿರೋದು ರಿಕಾಸೋಲಿ ಕೋಟೆ. ಗ್ಲಾಡಿಯೇಟರ್‌ಗೆ ಕೊಲೋಸಿಯಂ, ಅಂದ್ರೆ ರೋಮಿನ ಹಳೇ ಕಾಳಗದ ಅಖಾಡ, ಕಟ್ಟಿದ್ದು ಅಲ್ಲೇ, ಪೂರ್ತಿ ಅಲ್ಲ, ಒಂದು ಭಾಗ ಮಾತ್ರ ಪ್ಲೈವುಡ್ಡು ಪ್ಲಾಸ್ಟರಲ್ಲಿ ಕಟ್ಟಿ ಮಿಕ್ಕಿದ್ದು ಕಂಪ್ಯೂಟರಲ್ಲಿ ಏರಿಸಿದ್ರು. ಆಮೇಲೆ ಟ್ರಾಯ್ ಸಿನಿಮಾಗೆ ಆ ನಗರದ ಗೋಡೆನೂ ಅಲ್ಲೇ ಎದ್ದಿತು, 2024ರ ಗ್ಲಾಡಿಯೇಟರ್ ಎರಡನೇ ಭಾಗಕ್ಕೆ ಮತ್ತೆ ಅಲ್ಲೇ ರೋಮ್ ಕಟ್ಟಿದ್ರು. ಒಳಗೆ ಹೋಗೋ ಆಸೆ ಇಟ್ಕೋಬೇಡಿ, ಸಾಮಾನ್ಯವಾಗಿ ಜನರನ್ನ ಬಿಡಲ್ಲ, ಈ ತೋಟದಿಂದ ಕಾಣೋದೇ ಚೆನ್ನಾಗಿದೆ. ಆ ಮೊದಲ ಗ್ಲಾಡಿಯೇಟರ್ ಶೂಟಿಂಗ್ ನಡೀತಿದ್ದಾಗ್ಲೇ, 1999ರ ಮೇ 2ರಂದು, ನಟ ಆಲಿವರ್ ರೀಡ್ ವಲೆಟ್ಟಾದ ಒಂದು ಪಬ್ಬಲ್ಲಿ ಕುಸಿದು ತೀರ್ಕೊಂಡ್ರು. ಉಳಿದ ದೃಶ್ಯಗಳಿಗೆ ಬೇರೆಯವರ ಮೈಮೇಲೆ ಅವರ ಮುಖ ಕಂಪ್ಯೂಟರಲ್ಲಿ ಕೂರಿಸಿ ಮುಗಿಸಿದ್ರು, ಕೊನೇಲಿ ಸಿನಿಮಾನ ಅವ್ರಿಗೇ ಅರ್ಪಿಸಿದ್ರು.

ಅಲ್ಲಿಂದ ನಡ್ಕೊಂಡೇ ಸೇಂಟ್ ಎಲ್ಮೋ ಕೋಟೆಗೆ ಹೋಗಿ. ಮಿಡ್‌ನೈಟ್ ಎಕ್ಸ್‌ಪ್ರೆಸ್‌ನ ಟರ್ಕಿ ಜೈಲು ಇದೇ. 1565ರಲ್ಲಿ ಆಟೊಮನ್ ತುರ್ಕರ ಮುತ್ತಿಗೆ ತಡೆದು ವಾರಗಟ್ಟಲೆ ನಿಂತು ಕೊನೆಗೆ ಬಿದ್ದ ಕೋಟೆ, ನಾನೂರು ವರ್ಷ ಆದ್ಮೇಲೆ ಅದೇ ಟರ್ಕಿ ಪಾತ್ರ ಮಾಡಿತು. ಅಲ್ಲಿ ನಿಂತಾಗ ನನಗೆ ಮೈ ಜುಮ್ ಅಂದಿದ್ದು ಸಿನಿಮಾಗಿಂತ ಈ ಯೋಚನೆಗೆ. ಈಗ ಒಳಗೆ ಯುದ್ಧ ಮ್ಯೂಸಿಯಂ ಇದೆ, ಅರ್ಧ ದಿನ ಬೇಕು.

ಊರಿನ ಇನ್ನೊಂದು ಬದಿಯ ಹೇಸ್ಟಿಂಗ್ಸ್ ತೋಟದಿಂದ ನೀರಾಚೆ ಮನೋಯೆಲ್ ಕೋಟೆ ಕಾಣತ್ತೆ. ಗೇಮ್ ಆಫ್ ಥ್ರೋನ್ಸಲ್ಲಿ ನೆಡ್ ಸ್ಟಾರ್ಕ್ ತಲೆ ಕಡಿದ ಅಂಗಳ ಅದ್ರೊಳಗೇ ಇರೋದು. ಒಳಗೆ ಯಾವಾಗ್ಲೂ ಬಿಡಲ್ಲ, ಹೋಗೋಕೆ ಮುಂಚೆ ವಿಚಾರಿಸ್ಕೊಳ್ಳಿ.

ಕಲ್ಕಾರಾ ಅನ್ನೋ ಊರಿನ ಕಡೆ ಸಮುದ್ರದಂಚಲ್ಲಿ ಇರೋ ಸಿನಿಮಾ ಸ್ಟುಡಿಯೋದ ನೀರಿನ ತೊಟ್ಟಿ ಬಗ್ಗೆ ತಿಳ್ಕೊಂಡೇ ಹೋಗ್ಬೇಕು, ನನ್ನ ಪ್ರಕಾರ ಮಾಲ್ಟಾದ ಅಸಲಿ ಅದ್ಭುತ ಇದೇ. 1960ರ ದಶಕದಲ್ಲಿ ಕಟ್ಟಿದ ಅಗಲವಾದ ತೊಟ್ಟಿ, ಸುಮಾರು ಆರಡಿ ಆಳ, ಸಮುದ್ರದ ಕಡೆಯ ಅಂಚಿನ ಮೇಲಿಂದ ನೀರು ತುಂಬಿ ಹರೀತಾ ಇರತ್ತೆ, ಹಾಗಾಗಿ ಅಂಚೇ ಕಾಣಲ್ಲ. ಕ್ಯಾಮೆರಾ ಸರಿಯಾದ ಎತ್ತರಕ್ಕೆ ಇಟ್ರೆ ತೊಟ್ಟಿ ನೀರು ಹಿಂದಿನ ನಿಜವಾದ ಸಮುದ್ರಕ್ಕೆ ಸೇರ್ಕೊಂಡು, ಮೇಲೆ ನಿಜವಾದ ಆಕಾಶ, ದೋಣಿ ನಡುಗಡಲಲ್ಲಿ ಇದ್ದಂಗೆ ಕಾಣತ್ತೆ. ಅಲೆ ಎಬ್ಬಿಸ್ಬಹುದು, ಬಿರುಗಾಳಿ ಮಾಡ್ಬಹುದು, ನಟರು ಮುಳುಗೋ ಭಯ ಇಲ್ಲ. ಪಕ್ಕದಲ್ಲೇ ಹತ್ತು ಮೀಟರ್‌ಗೂ ಹೆಚ್ಚು ಆಳದ ಇನ್ನೊಂದು ತೊಟ್ಟಿ ಇದೆ. ಮುಂದಿನ ಸಲ ಹಡಗು ಮುಳುಗೋ ದೃಶ್ಯ ನೋಡುವಾಗ ನೀರು ಮತ್ತೆ ಆಕಾಶ ಸೇರೋ ಗೆರೆ ಕಡೆ ಗಮನ ಕೊಡಿ.

ಇಮ್ದೀನಾಗೆ ಸಂಜೆ ಹೋಗಿ, ಹಗಲಲ್ಲಿ ಟೂರ್ ಬಸ್ಸಿನ ಜನ ಜಾಸ್ತಿ. ಕಲ್ಲಿನ ಸೇತುವೆ, ಅದ್ರ ಶುರುವಲ್ಲಿ ಎರಡು ಕಲ್ಲಿನ ಸಿಂಹ, ಆಚೆ 1724ರಲ್ಲಿ ಕಟ್ಟಿದ ದೊಡ್ಡ ಬಾಗಿಲು. ಗೇಮ್ ಆಫ್ ಥ್ರೋನ್ಸ್ ಕಥೆಯ ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್‌ಗೆ ನೆಡ್ ಹೆಂಡತಿ ಕ್ಯಾಟ್ಲಿನ್ ಕುದುರೆ ಮೇಲೆ ಬರೋದು ಇಲ್ಲೇ. ಫೋನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಕಣ್ಣಿನ ಎತ್ತರಕ್ಕೆ ಹಿಡಿದು, ಬಾಗಿಲ ಕಮಾನು ಎರಡರಲ್ಲೂ ಒಂದೇ ಸೈಜಿಗೆ ಬರೋ ತನಕ ಹಿಂದೆ ಮುಂದೆ ಹೆಜ್ಜೆ ಹಾಕಿ. ಎರಡೂ ಸರಿಯಾಗಿ ಹೊಂದ್ಕೊಂಡ ತಕ್ಷಣ ಗೊತ್ತಾಗತ್ತೆ ಕ್ಯಾಮೆರಾ ಎಲ್ಲಿತ್ತು ಅಂತ, ಏನು ಅಲ್ಲಿನದ್ದು ಏನು ಆಮೇಲೆ ಸೇರಿಸಿದ್ದು ಅಂತ. ಪ್ರತಿ ಜಾಗದಲ್ಲೂ ಇದನ್ನೇ ಮಾಡಿ, ಇದೇ ಇಡೀ ಟ್ರಿಪ್ಪಿನ ಮಜಾ. ಪಕ್ಕದ ರಬಾತ್‌ನಲ್ಲಿ 1897ರಲ್ಲಿ ಹುಟ್ಟಿದ ಜೋಸೆಫ್ ಕಲೇಯಾ ಅಂತ ನಟ ಹಾಲಿವುಡ್‌ಗೆ ಹೋಗಿ ಗಿಲ್ಡಾ, ಟಚ್ ಆಫ್ ಈವಿಲ್ ಥರದ ಸಿನಿಮಾಗಳಲ್ಲಿ ಮಾಡಿದ್ರು, ಅವರ ಪ್ರತಿಮೆನೂ ನೋಡ್ಕೊಂಡು ಬನ್ನಿ.

ಮೆಲ್ಲೀಹಾ ಹತ್ರದ ಪೊಪಾಯ್ ವಿಲೇಜ್ ಮಕ್ಕಳ ಜಾಗ ಅಂತ ಬಿಡ್ಬೇಡಿ. ಪೊಪಾಯ್ ಸಿನಿಮಾಗೆ ಅಂತ 165 ಜನ ಏಳು ತಿಂಗಳು ಕೆಲಸ ಮಾಡಿ ಕಟ್ಟಿದ ಮರದ ಊರು, ದಿಮ್ಮಿ ಹಾಲೆಂಡಿಂದ, ಸೂರಿನ ಹಲಗೆ ಕೆನಡಾದಿಂದ ಬಂದಿದ್ದು. ರಾಬಿನ್ ವಿಲಿಯಮ್ಸ್ ಹೀರೋ. ಶೂಟಿಂಗ್ ಮುಗಿದ್ರೂ ಕೆಡವಲಿಲ್ಲ, ಇವತ್ತಿಗೂ ನಿಂತಿದೆ. ಒಳಗೆ ಟಿಕೆಟ್, ಎದುರು ಬಂಡೆ ಮೇಲಿಂದ ನೋಡೋಕೆ ಫ್ರೀ, ಫೋಟೋಗೂ ಅದೇ ಬೆಸ್ಟ್.

ಕೊನೇ ದಿನ ಗೋಜೋ. ಚಿರ್ಕೆವ್ವಾದಿಂದ ಕಾರ್ ಹಾಕೋ ದೊಡ್ಡ ಫೆರ್ರಿ, ಇಪ್ಪತ್ತೈದು ನಿಮಿಷ, ಹೋಗ್ವಾಗ ಟಿಕೆಟ್ ಕೇಳಲ್ಲ, ವಾಪಸ್ ಬರ್ವಾಗ ತಗೋಬೇಕು. ಅಲ್ಲಿನ ದ್ವೈರಾ ಕಡಲತೀರಕ್ಕೆ ಹೋದ್ರೆ ಗೇಮ್ ಆಫ್ ಥ್ರೋನ್ಸಲ್ಲಿ ಖಲ್ ದ್ರೋಗೋ ಡೆನೇರಿಸ್ ಮದುವೆ ನಡೆದ ಜಾಗ. ಹಿಂದೆ ಕಾಣೋ ದೊಡ್ಡ ಕಲ್ಲಿನ ಕಮಾನು, ಅಜೂರ್ ವಿಂಡೋ, ಈಗ ಇಲ್ಲ. 2017ರ ಮಾರ್ಚ್ 8ರ ಬೆಳಿಗ್ಗೆ ಬಿರುಗಾಳಿಗೆ ಕಂಬದ ಸಮೇತ ಸಮುದ್ರಕ್ಕೆ ಬಿತ್ತು. ಸ್ಕ್ರೀನ್‌ಶಾಟ್ ಹಿಡಿದು ಪಕ್ಕದ ಬಂಡೆ ಸಾಲು ಹೊಂದಿಸ್ಕೊಳ್ಳಿ, ಅದು ಹಾಗೇ ಸಿಗತ್ತೆ, ಕಮಾನಿದ್ದ ಕಡೆ ಬರೀ ನೀಲಿ ನೀರು. ನಾನು ಅಲ್ಲಿ ಫೋನ್ ಕೆಳಗಿಳಿಸೋಕೆ ತುಂಬಾ ಹೊತ್ತು ತಗೊಂಡೆ, ನೀವೂ ಫೆರ್ರಿ ಟೈಮ್ ನೋಡ್ಕೊಂಡು ಅದಕ್ಕೆ ಅಂತ ಒಂದು ಗಂಟೆ ಎಕ್ಸ್‌ಟ್ರಾ ಇಟ್ಕೊಳ್ಳಿ.